ಸಹಾಯ ಬೇಕು: ಕಟ್ಟಡ ಹಿಂದಕ್ಕೆ ವಾಲಿದ ಹಾಗೆ ಬರ್ತಿದೆ, ಲೆನ್ಸ್ ಬದಲಿಸಬೇಕಾ?

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಎಪಿಎಸ್-ಸಿ (ಮಧ್ಯಮ ಗಾತ್ರದ) ಸೆನ್ಸರ್ ಕ್ಯಾಮೆರಾ, ಅದರ ಜೊತೆ ಬಂದ 18-55 ಎಂಎಂ ಕಿಟ್ ಲೆನ್ಸ್ ಇದೆ (ಎಂಎಂ ಕಡಿಮೆಯಾದಷ್ಟೂ ಹೆಚ್ಚು ಜಾಗ ಫ್ರೇಮಿಗೆ ಸಿಗುತ್ತೆ). ಗಿಡ, ಎಲೆ, ಹೂವು ಎಲ್ಲಾ ಪರವಾಗಿಲ್ಲ ಅನ್ನೋ ಹಾಗೆ ಬರುತ್ತೆ. ತಲೆನೋವು ಎತ್ತರದ ಕಟ್ಟಡಗಳದ್ದು.

ತುದಿ ಫ್ರೇಮಿಗೆ ಸಿಗಲಿ ಅಂತ ಕ್ಯಾಮೆರಾ ಮೇಲಕ್ಕೆತ್ತಿದ ಕೂಡಲೇ ಎರಡೂ ಬದಿಯ ಗೋಡೆ ಮೇಲೆ ಹೋಗ್ತಾ ಹೋಗ್ತಾ ಹತ್ತಿರ ಬಂದು, ಇಡೀ ಕಟ್ಟಡ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತೆ. ನೆಟ್ಟಗೆ ಹಿಡಿದರೆ ಗೋಡೆ ನೇರ, ಮೇಲ್ಭಾಗ ಕಟ್. ಹಿಂದೆ ಸರಿಯೋಣ ಅಂದ್ರೆ ಅಡ್ಡಕ್ಕೆ ಮರ, ಕರೆಂಟ್ ತಂತಿ. (ಮರ ಕಡಿಸಿ ಅಂತ ಮಾತ್ರ ಹೇಳಬೇಡಿ!)

ಟ್ರೈಪಾಡ್ ಮೇಲೆ ಎಫ್/8 (ಲೆನ್ಸ್ ಕಿಂಡಿಯ ಅಳತೆ), ಐಎಸ್‌ಒ 100 (ಬೆಳಕಿನ ಸೂಕ್ಷ್ಮತೆ) ಇಟ್ಟು ತೆಗೆದೆ. ಶಾರ್ಪ್ ಆಗಿ ಬಂತು, ವಾಲೋದು ಹಾಗೇ ಇದೆ. ಲೈಟ್‌ರೂಮ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ನೆಟ್ಟಗೆ ಮಾಡಿದ್ರೆ ಕೆಳಗಿನ ಎರಡೂ ಮೂಲೆ ಖಾಲಿಯಾಗುತ್ತೆ. ಕ್ರಾಪ್ ಮಾಡಿದಾಗ ಮುಂದಿನ ಗಿಡಗಳೂ ಹೋಗ್ತವೆ. ಅದಕ್ಕಿಂತ ಬೇಜಾರು ಅಂದ್ರೆ ಮೇಲಿನ ಮಹಡಿಯ ಕಿಟಕಿ ಸರಳುಗಳು ಎಳೆದು ಹಿಗ್ಗಿಸಿದ ಹಾಗಾಗಿ ಮಸುಕಾಗ್ತವೆ.

10-18 ಎಂಎಂ ವೈಡ್ ಲೆನ್ಸ್ ತಗೊಂಡು, ನೆಟ್ಟಗೆ ಹಿಡಿದು ತೆಗೆದು, ಕೆಳಗಿನ ಖಾಲಿ ನೆಲ ಕತ್ತರಿಸೋದು ಇನ್ನೊಂದು ದಾರಿ. ಆದ್ರೆ ಕತ್ತರಿಸಿದ್ರೆ ಪಿಕ್ಸೆಲ್ ಅಲ್ಲೂ ಹೋಗುತ್ತಲ್ವಾ? ಅಷ್ಟು ವೈಡಲ್ಲಿ ಅಂಚಿನ ಮರಗಳೂ ಅಗಲ ಆಗ್ತವೆ. ಕ್ಯಾಮೆರಾ ನೆಟ್ಟಗಿಟ್ಟು ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಬಹುದಾದ ಟಿಲ್ಟ್-ಶಿಫ್ಟ್ ಲೆನ್ಸ್ ನನ್ನ ಬಜೆಟ್ಟಿಗೆ ದೂರದ ಮಾತು.

ಎರಡೂ ಮಾಡಿ ನೋಡಿದವರು ದಯವಿಟ್ಟು ಹೇಳಿ: ದೊಡ್ಡ ಪ್ರಿಂಟ್ ಹಾಕಿಸಿದಾಗ ಡೀಟೇಲ್ ಜಾಸ್ತಿ ಉಳಿಯೋದು 18ರಲ್ಲಿ ತೆಗೆದು ಸಾಫ್ಟ್‌ವೇರಲ್ಲಿ ಸರಿಮಾಡಿದ್ರಲ್ಲೋ, 10ರಲ್ಲಿ ನೆಟ್ಟಗೆ ತೆಗೆದು ಕ್ರಾಪ್ ಮಾಡಿದ್ರಲ್ಲೋ?