ಪದಚರ್ಚೆ: ಬಾಸ್ಕ್ ‘ಗೌಯೆಕೊ’ - ಇರುಳಿನವನೋ, ಇರುಳಿನದೋ?

ಗೆಳೆಯರೇ,

ಬಾಸ್ಕ್ ಜನರ ಕೆಲವು ಕತೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬೆಟ್ಟದ ಸೀಮೆಯವರು ಇವರು. ಇಂಥ ಕತೆಗಳನ್ನು ಊರೂರು ತಿರುಗಿ ಕೂಡಿಹಾಕಿದವರು ಅತಾವುನ್ ಊರಿನ ಪಾದ್ರಿ ಬರಂದಿಯಾರನ್ (1889-1991). ಆ ಕತೆಗಳಲ್ಲಿ ರಾತ್ರಿ ಹೊತ್ತು ಬರುವ ‘ಗೌಯೆಕೊ’ ಎಂಬುದರ ಹೆಸರಿನ ಹತ್ತಿರ ನಿಂತುಬಿಟ್ಟಿದ್ದೇನೆ.

ಮೊದಲು ‘ದೆವ್ವ’ ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ನಮ್ಮಲ್ಲಿ ದೆವ್ವ ಅಂದರೆ ಜಾಸ್ತಿ ಸತ್ತವರೇ ತಾನೇ? ಗೌಯೆಕೊ ಸತ್ತ ಮನುಷ್ಯ ಅಲ್ಲ. ಕತ್ತಲಾದ ಮೇಲಿನ ಹೊತ್ತು ಅದರದ್ದು. ಒಂದು ಕತೆಯಲ್ಲಿ ಹುಡುಗಿಯೊಬ್ಬಳು ರಾತ್ರಿ ಒರತೆಗೆ ಹೋಗಿ ನೀರು ತರುತ್ತೇನೆ ಎಂದು ಪಂತ ಕಟ್ಟಿ ಹೊರಡುತ್ತಾಳೆ. ವಾಪಸ್ ಬರುವುದಿಲ್ಲ. ಗೌಯೆಕೊ ಹೇಳುವುದು ಇಷ್ಟೇ: ಇರುಳು ಇರುಳಿನವರಿಗೆ, ಹಗಲು ಹಗಲಿನವರಿಗೆ.

ಈ ಸಾಲು ಕನ್ನಡಕ್ಕೆ ತಾನಾಗಿಯೇ ಬಂತು. ‘ಗೌ’ ಅಂದರೆ ಇರುಳು, ‘ಕೊ’ ಅನ್ನುವುದು ‘ಇರುಳಿನ’ ಎಂಬಲ್ಲಿ ಬರುವ ನಮ್ಮ ‘ಇನ’ ಇದ್ದ ಹಾಗೆ. ‘ಎಚೆ’ ಅಂದರೆ ಮನೆ, ‘ಎಚೆಕೊಆಕ್’ ಅಂದರೆ ಮನೆಯವರು (ಗಂಡನಿಗೆ ಹೇಳುವ ‘ನಮ್ಮನೆಯವರು’ ಅಲ್ಲ, ಮನೆಮಂದಿ). ಹೆಸರು ಹಿಡಿಯದೆ ಬರೀ ‘ಇರುಳಿನವರು’ ಅನ್ನುವುದು ನನಗೆ ತುಂಬಾ ಹಿಡಿಸಿತು. ಹಳ್ಳಿಯಲ್ಲಿ ರಾತ್ರಿ ಹೊತ್ತು ಹಾವಿಗೆ ‘ಹುಳ’ ಅಂತಾರಲ್ವಾ, ಹಾಗೆ ಕೇಳಿಸುತ್ತದೆ.

ತೊಡಕು ಇರುವುದು ಏಕವಚನದಲ್ಲಿ. ಬಾಸ್ಕ್ ನುಡಿಯಲ್ಲಿ ಅವನು, ಅವಳು, ಅದು ಎಲ್ಲಕ್ಕೂ ಒಂದೇ ಪದ. ನಾವು ಒಂದನ್ನು ಆರಿಸಲೇಬೇಕು. ಕೆಲವು ಕಡೆ ಗೌಯೆಕೊ ಬೀಸುವ ಗಾಳಿಯಾಗಿ ಬರುತ್ತದೆ, ಕೆಲವು ಕಡೆ ಹಸುವಿನ ರೂಪದಲ್ಲಿ. ಹಾಗಾದರೆ ‘ಇರುಳಿನದು’ ಅನ್ನಬೇಕು. ಆದರೆ ‘ರಾತ್ರಿಯದು’ ಅಂದರೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಉಳಿದಿರುವ ಅನ್ನ! ಆ ನೆನಪು ಬಂದರೆ ಭಯ ಹೋಗಿಬಿಡುತ್ತದೆ. ‘ಇರುಳಿನವನು’ ಅಂದರೆ ಗಂಡಸಿನ ಮುಖ ಬಂದುಬಿಡುತ್ತದೆ. ಸದ್ಯಕ್ಕೆ ಎಲ್ಲ ಕಡೆ ‘ಇರುಳಿನವರು’ ಎಂದೇ ಇಟ್ಟಿದ್ದೇನೆ. ಒಂದೋ ಹಲವೋ ಗೊತ್ತಾಗದಿದ್ದರೂ ಪರವಾಗಿಲ್ಲ ಅನಿಸುತ್ತದೆ. ನಿಮಗೆ?

ಗೌಯೆಕೊ ಅಲ್ಲದೆ ಬೇರೊಂದೂ ಇದೆ, ಅದರ ಹೆಸರು ‘ಇಂಗುಮಾ’. ಇದು ರಾತ್ರಿ ಮನೆಯೊಳಗೆ ಬಂದು ಮಲಗಿದವರ ಗಂಟಲು ಒತ್ತಿ ಉಸಿರು ಕಟ್ಟಿಸುತ್ತದೆ. ಮಲಗುವ ಮುಂಚೆ ಅದಕ್ಕೆ ಹೇಳುವ ಮಾತೊಂದಿದೆ: ಬಾನಿನ ಚುಕ್ಕಿ, ನೆಲದ ಹುಲ್ಲು, ಕಡಲ ದಂಡೆಯ ಮರಳು ಎಲ್ಲ ಎಣಿಸಿ ಮುಗಿಸುವ ತನಕ ನನ್ನ ಹತ್ತಿರ ಬರಬೇಡ. ನಿದ್ದೆಯಲ್ಲಿ ಎದೆ ಅಮುಕಿದ ಹಾಗಾಗಿ, ಕೈಕಾಲು ಆಡದೆ, ಕೂಗಲೂ ಆಗದೆ ಇರುವುದಕ್ಕೆ ನಿಮ್ಮ ಕಡೆ ಏನಂತಾರೆ? ನಿಘಂಟಿನ ಪದ ಬೇಡ. ಅಜ್ಜಿಯ ಬಾಯಲ್ಲಿ ಕೇಳಿದ್ದು ಇದ್ದರೆ, ಯಾವ ಊರಿನದು ಅಂತಲೂ ಸೇರಿಸಿ ಬರೆಯಿರಿ.