ಸೊಕೋಟ್ರಾ ದ್ವೀಪದ ಕಾಡು ದಾಳಿಂಬೆ ಅಂತ ಸಸಿ ಮಾರ್ತಿದ್ದಾರೆ, ತಗೊಳ್ಳಬಹುದಾ?

ಕುಷ್ಟಗಿ ದಾಳಿಂಬೆ:

ಎಲ್ಲರಿಗೂ ನಮಸ್ಕಾರ್ರೀ. ನಮ್ಮದು ಕುಷ್ಟಗಿ ತಾಲ್ಲೂಕು. ನಾಲ್ಕು ಎಕರೆ ಮಸಾರಿ ಹೊಲದಲ್ಲಿ ಭಗವಾ ದಾಳಿಂಬೆ ಹಾಕಿದ್ದೇನೆ. ಹೋದ ಮಳೆಗಾಲದಲ್ಲಿ ದುಂಡಾಣು ಅಂಗಮಾರಿ ಬಂತು. ಕಾಯಿ ಮೇಲೆ ಕರಿ ಚುಕ್ಕೆ ಎದ್ದು ಸೀಳಿಕೊಂಡು ಅರ್ಧ ಬೆಳೆ ಕಸಕ್ಕೆ ಹೋಯಿತು. ಈಗ ಮೋಡ ಕಟ್ಟಿದರೆ ಸಾಕು, ಮಳೆ ಬಂತಂತ ಖುಷಿ ಆಗೋದಿಲ್ಲ, ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇಂಥ ಹೊತ್ತಿನಲ್ಲಿ ಸಸಿ ಮಾರುವವನೊಬ್ಬ ಹೊಲಕ್ಕೇ ಬಂದಿದ್ದ. ಸಮುದ್ರದ ನಡುವೆ ಸೊಕೋಟ್ರಾ ಅಂತ ದ್ವೀಪ ಇದೆಯಂತೆ, ಅಲ್ಲಿಯ ಕಾಡು ದಾಳಿಂಬೆಯಂತೆ, ರೋಗ ಮುಟ್ಟುವುದಿಲ್ಲವಂತೆ, ನೀರೂ ಅಷ್ಟಕ್ಕಷ್ಟೇ ಸಾಕಂತೆ. ಒಂದು ಸಸಿಗೆ ಎಂಟುನೂರು ರೂಪಾಯಿ! ಮೊಬೈಲಿನಲ್ಲಿ ಆ ದ್ವೀಪದ ವಿಡಿಯೊ ತೋರಿಸಿದ. ಛತ್ರಿ ಬಿಚ್ಚಿಟ್ಟ ಹಾಗೆ ಮರಗಳು. ತೊಗಟೆ ಕೆತ್ತಿದರೆ ರಕ್ತದ ಬಣ್ಣದ ಅಂಟು. ನಮ್ಮ ಅವ್ವ ನೋಡಿ, "ಇದೆಲ್ಲ ಕಂಪ್ಯೂಟರಿನಾಗ ಮಾಡಿದ್ದು, ಸುಮ್ನ ಕೂಡು" ಅಂದಳು.

ದುಡ್ಡು ಇನ್ನೂ ಕೊಟ್ಟಿಲ್ಲ. ತಿಳಿದವರು ಹೇಳಿ. ದ್ವೀಪ ನಿಜವಾ? ಅಲ್ಲಿ ದಾಳಿಂಬೆ ಇದೆಯಾ? ನಮ್ಮ ಹೊಲಕ್ಕೆ ಆಗುತ್ತದಾ?

ಗಂಗಾವತಿ ಭತ್ತ:

ಅಣ್ಣಾ, ಎಂಟುನೂರು ರೂಪಾಯಿ ಸಸಿಯನ್ನ ಬೈಕ್ ಮೇಲೆ ಇಟ್ಕೊಂಡು ಮನೆ ಬಾಗಿಲಿಗೆ ತಂದಿದ್ದಾನೆ ಅಂದ ಮೇಲೆ ಉತ್ತರ ಅಲ್ಲೇ ಇದೆ ಅಲ್ವಾ?

ಸಂಡೂರು ಟೀಚರ್:

ತಮ್ಮಾ, ನಾನು ಬಳ್ಳಾರಿ ಕಡೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಿ ಆದವಳು. ಮೊದಲು ನಿಮ್ಮ ಅವ್ವನಿಗೆ ಹೇಳಿ, ಆ ಮರ ನಿಜ. ದ್ವೀಪವೂ ನಿಜ. ಯೆಮೆನ್ ದೇಶಕ್ಕೆ ಸೇರಿದ್ದು. ಸೊಮಾಲಿಯಾದ ತುದಿಯಿಂದ ಪೂರ್ವಕ್ಕೆ ಸುಮಾರು 240 ಕಿ.ಮೀ. ದೂರ. 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣ ಅಂತ ಘೋಷಿಸಿದೆ. ನಮಗೆ ಮಳೆ ತರುವ ಮುಂಗಾರು ಗಾಳಿ ಆ ದ್ವೀಪವನ್ನು ಬಡಿದುಕೊಂಡೇ ಈ ಕಡೆ ಬರುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ದೋಣಿ ದಡ ಹತ್ತುವುದೇ ಕಷ್ಟ, ಅಷ್ಟು ಗಾಳಿ.

ಕೋಟ್ಯಂತರ ವರ್ಷಗಳ ಹಿಂದೆ ಅರೇಬಿಯಾದ ನೆಲದಿಂದ ಕಿತ್ತುಕೊಂಡು ಹೋದ ತುಂಡು ಅದು. ಅದರ ಮೇಲೆ ಉಳಿದ ಗಿಡಗಳು ತಮ್ಮ ಪಾಡಿಗೆ ತಾವು ಬೆಳೆದವು. ಅಲ್ಲಿ ಸುಮಾರು 825 ಜಾತಿಯ ಗಿಡಗಳಿವೆ. ಅವುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಬೇರೆಲ್ಲೂ ಇಲ್ಲ. ಹಲ್ಲಿ, ಹಾವುಗಳ ಲೆಕ್ಕ ಹಿಡಿದರೆ ನೂರಕ್ಕೆ ತೊಂಬತ್ತು ಅಲ್ಲಿಯವೇ. ಆದರೆ ಕಪ್ಪೆ ಒಂದೂ ಇಲ್ಲ ನೋಡಿ!

ನೀವು ನೋಡಿದ ಛತ್ರಿ ಮರ ಡ್ರಸೀನಾ ಸಿನ್ನಬಾರಿ. ಆ ಆಕಾರ ಚೆಂದಕ್ಕೆ ಬಂದದ್ದಲ್ಲ. ಗುಡ್ಡದ ಮೇಲೆ ಮಂಜು ಹಾಯುವಾಗ ಒತ್ತಾಗಿ ನಿಂತ ಎಲೆಗಳು ನೀರು ಹಿಡಿಯುತ್ತವೆ. ಅದು ಎಲೆಯ ಬುಡಕ್ಕೆ, ಕೊಂಬೆಗೆ, ಆಮೇಲೆ ನೆಲಕ್ಕೆ ಇಳಿಯುತ್ತದೆ. ನೆರಳಿಗೆ ಬುಡದ ತೇವ ಬೇಗ ಆರುವುದಿಲ್ಲ. ಆ ತೇವದಲ್ಲೇ ಅದರ ಮರಿಗಳೂ ಬದುಕಬೇಕು. ಕಾಂಡ ಕಡಿದು ಉಂಗುರ ಎಣಿಸಿ ವಯಸ್ಸು ಹೇಳೋಣ ಅಂದರೆ ಉಂಗುರವೇ ಇಲ್ಲ. ಯಾಕೆಂದರೆ ಅದು ತೆಂಗು, ಬಿದಿರಿನ ಹಾಗೆ ಏಕದಳ ಗುಂಪಿನದು. ಕೊಂಬೆ ಎಷ್ಟು ಸಲ ಕವಲೊಡೆದಿದೆ ಅಂತ ನೋಡಿ ಅಂದಾಜು ಮಾಡುತ್ತಾರೆ.

ನನಗೆ ಅದಕ್ಕಿಂತ ಇಷ್ಟವಾದದ್ದು ಆ ದ್ವೀಪದ ಸೌತೆ ಮರ. ನಮ್ಮ ಸೌತೆ, ಹೀರೆ, ತೊಂಡೆ ಎಲ್ಲ ಬಳ್ಳಿ ತಾನೆ? ಆ ಕುಟುಂಬದಲ್ಲಿ ಮರವಾಗಿ ನಿಂತದ್ದು ಇದೊಂದೇ. ಬೊಜ್ಜು ಬಂದ ಹಾಗೆ ಉಬ್ಬಿದ ಕಾಂಡ, ತುಂಬ ನೀರು. ತರಗತಿಯಲ್ಲಿ ಚಿತ್ರ ತೋರಿಸಿ ಯಾವ ಕುಟುಂಬ ಅಂತ ಕೇಳಿದರೆ ಒಬ್ಬರೂ ಹೇಳುತ್ತಿರಲಿಲ್ಲ.

ಈಗ ದಾಳಿಂಬೆ. ಜಗತ್ತಿನಲ್ಲಿ ಆ ಕುಲದಲ್ಲಿ ಇರುವುದು ಎರಡೇ ಜಾತಿ. ಒಂದು ನಾವು ತಿನ್ನುವುದು. ಭಗವಾ, ಗಣೇಶ, ಮೃದುಲಾ ಎಲ್ಲ ಅದರ ತಳಿಗಳು. ಇನ್ನೊಂದು ಪ್ಯೂನಿಕಾ ಪ್ರೋಟೊಪ್ಯೂನಿಕಾ, ಸೊಕೋಟ್ರಾದ ಗುಡ್ಡಗಳಲ್ಲಿ ಮಾತ್ರ ಸಿಗುವ ಕಾಡು ದಾಳಿಂಬೆ. ಹಾಗಾಗಿ ಮಾರುವವನು ಹೇಳಿದ್ದರಲ್ಲಿ ಒಂದು ಮಾತು ನಿಜ. ಆದರೆ ಅದರ ಹಣ್ಣು ಚಿಕ್ಕದು, ನಮ್ಮದರಷ್ಟು ಸಿಹಿ ಇಲ್ಲ. ಮಾರ್ಕೆಟ್ಟಿಗೆ ತಂದರೆ ಯಾರೂ ಕೊಳ್ಳುವುದಿಲ್ಲ. ಕಾಡಿನದು ಅಂದ ಮಾತ್ರಕ್ಕೆ ಅಂಗಮಾರಿ ಬರುವುದಿಲ್ಲ ಅಂತ ನಂಬುವುದೂ ತಪ್ಪು.

ಹಾಗಂತ ಇಂಥ ಗಿಡಗಳಿಂದ ಉಪಯೋಗ ಇಲ್ಲ ಅಂತಲ್ಲ. 1880ರಲ್ಲಿ ಬಾಲ್ಫರ್ ಅನ್ನುವ ಸ್ಕಾಟ್ಲೆಂಡಿನ ಸಸ್ಯತಜ್ಞ ಆ ದ್ವೀಪಕ್ಕೆ ಹೋಗಿ ಒಂದು ಬಿಗೋನಿಯಾ ತಂದ. ಚಳಿಗಾಲದಲ್ಲಿ ಹೂ ಬಿಡುವ ಗಿಡ ಅದು. ಬೇರೆ ಬಿಗೋನಿಯಾಗಳ ಜೊತೆ ಅದನ್ನು ಕೂಡಿಸಿಯೇ ಚಳಿಗಾಲದಲ್ಲಿ ಅರಳುವ ಕುಂಡದ ಬಿಗೋನಿಯಾಗಳನ್ನು ಮಾಡಿದರು. ದಾಳಿಂಬೆಯಲ್ಲೂ ಇಂಥ ಕೆಲಸ ನಡೆದರೆ ಅದು ಸಂಶೋಧನಾ ಕೇಂದ್ರದಲ್ಲಿ, ವರ್ಷಗಟ್ಟಲೆ. ವಿದೇಶದ ಸಸಿ ನಮ್ಮ ದೇಶದೊಳಗೆ ಬರಬೇಕಾದರೆ ಆಮದು ಪರವಾನಗಿ, ರೋಗ ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕು. ಅದನ್ನು ತೋರಿಸು ಅಂತ ಅವನನ್ನು ಕೇಳಿ. ಜೊತೆಗೆ ತಾಯಿ ಗಿಡದ ಹೂವಿನ ಫೋಟೊ ಕೇಳಿ. ಸೊಕೋಟ್ರಾದ್ದು ಗುಲಾಬಿ ಬಣ್ಣದ ಹೂವು, ನಮ್ಮದು ಕೆಂಪು.

ಮಾನ್ವಿ ಟು ಅಬುಧಾಬಿ:

ನಾನು ರಾಯಚೂರು ಜಿಲ್ಲೆಯವನು. ಅಬುಧಾಬಿಯಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದಾಗ ಅಲ್ಲಿಂದ ಸೊಕೋಟ್ರಾಕ್ಕೆ ವಿಮಾನ ಇತ್ತು. ರೂಮಿನವರೆಲ್ಲ ಸೇರಿ ಹೋಗಿದ್ದೆವು. ಟೀಚರ್ ಹೇಳಿದ್ದಕ್ಕೆ ಕಣ್ಣಾರೆ ಕಂಡದ್ದು ಸೇರಿಸುತ್ತೇನೆ.

ಹದೀಬೊ ಅಂತ ಊರು. ಹೊರಗೆ ಕೂತು ಮೀನು, ಅನ್ನ ತಿನ್ನುತ್ತಿದ್ದರೆ ರಣಹದ್ದು ನಡೆದುಕೊಂಡು ಪಕ್ಕಕ್ಕೆ ಬರುತ್ತದೆ! ಬಿಳಿ ಮೈ, ಹಳದಿ ಮುಖ. ಓಡಿಸಿದರೆ ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಬರುತ್ತದೆ. ಊರಿನ ಕೊಳೆ, ಸತ್ತ ಆಡು ಎಲ್ಲ ಅವೇ ತಿಂದು ಚೊಕ್ಕ ಮಾಡುತ್ತವೆ, ಅದಕ್ಕೇ ಜನ ಕಲ್ಲು ಎಸೆಯುವುದಿಲ್ಲ. ನಮ್ಮ ಕಡೆ ರಣಹದ್ದು ನೋಡಿ ಎಷ್ಟು ಕಾಲ ಆಯಿತೋ.

ನರ್ಸರಿಯಲ್ಲಿ ಕುಂಡದಲ್ಲಿ ಮಾರುವ ಅಡೇನಿಯಂ ಗೊತ್ತಲ್ಲ? ಅದರ ಬಳಗದ್ದೇ ಅಲ್ಲಿ ಬಂಡೆಯಿಂದ ಎದ್ದು ಆನೆ ಕಾಲಿನ ಹಾಗೆ ನಿಂತಿರುತ್ತದೆ. ಮಣ್ಣು ಎಲ್ಲಿದೆ ಅಂತ ಬಗ್ಗಿ ಹುಡುಕಿದೆ. ಸಿಗಲಿಲ್ಲ.

ಫಿರ್ಮಿಹಿನ್ ಅನ್ನುವ ಜಾಗದಲ್ಲಿ ಛತ್ರಿ ಮರದ್ದೇ ಕಾಡು. ಚೆಂದ ಏನೋ ಚೆಂದ. ಆದರೆ ನಾನು ಕುರಿ ಕಾಯ್ದು ಬೆಳೆದವನು, ನನ್ನ ಕಣ್ಣು ನೆಲದ ಮೇಲೆ. ಎಲ್ಲಾ ಮುದಿ ಮರ, ಎಳೆ ಗಿಡ ಕಾಣಲೇ ಇಲ್ಲ. ಆಡುಗಳು ಮೊಳಕೆಯಲ್ಲೇ ಮುಗಿಸುತ್ತವೆ. ಎಳೆಯವು ಇದ್ದದ್ದು ಕಲ್ಲಿನ ಗೋಡೆ ಕಟ್ಟಿದ ನರ್ಸರಿಯೊಳಗೆ ಮಾತ್ರ. 2015ರ ನವೆಂಬರ್‌ನಲ್ಲಿ ಚಪಾಲಾ, ಮೇಘ್ ಅಂತ ಎರಡು ಚಂಡಮಾರುತ ಬೆನ್ನಿಗೆ ಬೆನ್ನು ಬಂದವು, 2018ರಲ್ಲಿ ಮೆಕುನು. ಬುಡಮೇಲಾಗಿ ಬಿದ್ದ ಮರಗಳು ಇನ್ನೂ ಹಾಗೇ ಇದ್ದವು. ಬರ ಬಂದಾಗ ಸೌತೆ ಮರವನ್ನೂ ಕಡಿದು ಆಡಿಗೆ ಹಾಕುತ್ತಾರಂತೆ. ಬೈಯೋಕೆ ಮನಸ್ಸು ಬರುವುದಿಲ್ಲ. ಮೇವು ಇಲ್ಲದ ಬೇಸಿಗೆಯಲ್ಲಿ ನಾವೂ ಅದನ್ನೇ ಮಾಡುತ್ತಿದ್ದೆವು.

ವಾಪಸ್ ಬರುವಾಗ ಗೈಡ್ ಎಲ್ಲರಿಗೂ ಹೇಳಿದ, ಗಿಡ, ಬೀಜ ಏನೂ ಬ್ಯಾಗಿನಲ್ಲಿ ಇಟ್ಟುಕೊಳ್ಳಬೇಡಿ ಅಂತ. ಅಲ್ಲಿಂದ ಕುಷ್ಟಗಿಗೆ ಬೈಕಿನಲ್ಲಿ ಬಂತಾ ದಾಳಿಂಬೆ?

ಕುಷ್ಟಗಿ ದಾಳಿಂಬೆ:

ಟೀಚರ್, ಫೋನ್ ಮಾಡಿ ಕೇಳಿದೆ. ಸರ್ಟಿಫಿಕೇಟ್ ಅಂದರೆ "ಆಫೀಸಿನಲ್ಲಿದೆ" ಅಂದ. ಹೂವಿನ ಫೋಟೊ ಕಳಿಸಿದ. ಕೆಂಪಂದರೆ ಕೆಂಪು, ನಮ್ಮ ಹೊಲದ ಹೂವೇ ಇದ್ದ ಹಾಗಿದೆ. ಬೇಡಪ್ಪಾ ಅಂದುಬಿಟ್ಟೆ. ಅವ್ವನಿಗೆ ಸೌತೆ ಮರದ ಚಿತ್ರ ತೋರಿಸಿದೆ. ಅದನ್ನೂ ನಂಬಲಿಲ್ಲ.

ಅಂಗಮಾರಿ ಸಮಸ್ಯೆ ಮಾತ್ರ ಹಾಗೇ ಉಳಿಯಿತು.

ಯಲಬುರ್ಗಾ ರೈತ:

ಅಣ್ಣಾ, ನೀವು ಮೃಗ ಬಹಾರ್, ಅಂದರೆ ಮಳೆಗಾಲದ ಶುರುವಿಗೆ ಹೂವು ಬಿಡಿಸುವ ಬೆಳೆ, ಹಿಡಿಯುತ್ತೀರಾ? ಹೂವು, ಕಾಯಿ ಎಲ್ಲ ಮಳೆಯಲ್ಲೇ ಸಿಕ್ಕಿಬೀಳುತ್ತವೆ, ಅಂಗಮಾರಿಗೆ ಅದೇ ಬೇಕು. ಹಸ್ತ ಬಹಾರ್‌ಗೆ ಬನ್ನಿ, ಮಳೆ ಮುಗಿಯುವ ಹೊತ್ತಿಗೆ ಹೂವು ಬರುತ್ತದೆ. ಸವರಿದ ಕೊಂಬೆ, ಬಿದ್ದ ಕಾಯಿ ಹೊಲದಲ್ಲಿ ಬಿಡದೆ ಸುಡಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿ ಔಷಧಿಯಲ್ಲಿ ಅದ್ದಿ. ಸೊಲ್ಲಾಪುರದಲ್ಲಿ ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ. ಸಸಿಗೆ ಇಟ್ಟಿದ್ದ ದುಡ್ಡಿನಲ್ಲಿ ಒಂದು ಸಲ ಅಲ್ಲಿಗೆ ಹೋಗಿ ಬನ್ನಿ. ಹೋಗುವಾಗ ರೋಗ ಬಂದ ಎಲೆ, ಕಾಯಿಯ ಫೋಟೊ ಮರೆಯಬೇಡಿ.