ದಿನನಿತ್ಯದ ಸರಳ ವ್ಯಾಯಾಮದಿಂದ ತೂಕ ಇಳಿಸುವುದು: ಮಡಿಕೇರಿಯ ಇಳಿಜಾರು ಮತ್ತು ಮಳೆಗಾಲದ ಸಮಸ್ಯೆ

ಪ್ರಶ್ನೆ (ಮಡಿಕೇರಿಯಿಂದ)

ನನಗೆ 46 ವರ್ಷ, ಎತ್ತರ 165 ಸೆಂಟಿಮೀಟರ್, ತೂಕ 82 ಕಿಲೋ. ದಿನವಿಡೀ ಕುಳಿತು ಮಾಡುವ ಕೆಲಸ. ರಕ್ತದ ಸಕ್ಕರೆ ಮಧುಮೇಹದ ಅಂಚಿಗೆ ಬಂದಿರುವುದರಿಂದ ತೂಕ ಇಳಿಸಲೇಬೇಕೆಂದು ವೈದ್ಯರು ಹೇಳಿದ್ದಾರೆ. ಸದ್ಯಕ್ಕೆ ಯಾವ ಔಷಧಿಯನ್ನೂ ಕೊಟ್ಟಿಲ್ಲ. ಜಿಮ್‌ಗೆ ಸೇರುವ ಮನಸ್ಸಿಲ್ಲ, ನಡೆಯಲು ಸಿದ್ಧನಿದ್ದೇನೆ. ಆದರೆ ನಮ್ಮ ಮನೆಯಿಂದ ಯಾವ ಕಡೆ ಹೊರಟರೂ ಏರು ಇಲ್ಲವೇ ಇಳಿಜಾರು, ಇಳಿಯುವಾಗ ಮೊಣಕಾಲು ನೋಯುತ್ತದೆ. ಜೂನ್‌ ಬಂತೆಂದರೆ ಮಳೆ ಹೊರಗೆ ಕಾಲಿಡಲು ಬಿಡುವುದಿಲ್ಲ. ದಿನಕ್ಕೆ ಅರ್ಧ ಗಂಟೆಯ ನಡಿಗೆಯಿಂದ ನಿಜಕ್ಕೂ ತೂಕ ಇಳಿಯುತ್ತದೆಯೇ? ಇಳಿಯುವುದಾದರೆ ಎಷ್ಟು ಕಾಲ ಬೇಕು?

ಉತ್ತರ 1 (ಗೋಣಿಕೊಪ್ಪಲಿನ ವ್ಯಾಯಾಮ ತರಬೇತುದಾರ)

ಇಳಿಯುತ್ತದೆ, ಆದರೆ ನಡಿಗೆಯೊಂದರಿಂದಲೇ ಆದರೆ ಬಹಳ ನಿಧಾನವಾಗಿ. ನಿಮ್ಮ ತೂಕದವರು ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆ ಚುರುಕಾಗಿ ನಡೆದರೆ ಸುಮಾರು 140 ಕ್ಯಾಲೊರಿ ಖರ್ಚಾಗುತ್ತದೆ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕಾಗಿರುವುದರಿಂದ, ಊಟದಲ್ಲಿ ಏನೂ ಬದಲಿಸದೆ ಬರೀ ನಡೆದರೆ ಒಂದು ಕಿಲೋಗೆ ಹೆಚ್ಚುಕಡಿಮೆ ಎರಡು ತಿಂಗಳು ಬೇಕು. ಇದನ್ನು ಮೊದಲೇ ತಿಳಿದುಕೊಳ್ಳದೆ ಹೊರಡುವವರು ಮೂರನೆಯ ವಾರಕ್ಕೇ ಬೇಸತ್ತು ಬಿಟ್ಟುಬಿಡುತ್ತಾರೆ.

ಇನ್ನು ಕಾಫಿಯ ಲೆಕ್ಕ ನೋಡಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಅದೂ ಆ ನಡಿಗೆಯಷ್ಟೇ ಕ್ಯಾಲೊರಿ. ಸಕ್ಕರೆ ಬಿಟ್ಟು ನಡಿಗೆಯನ್ನೂ ಮಾಡಿದರೆ ತಿಂಗಳಿಗೆ ಒಂದು ಕಿಲೋದ ಆಸುಪಾಸಿಗೆ ಬರುತ್ತೀರಿ. (ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಲೆಕ್ಕ ಬದಲಾಗುವುದಿಲ್ಲ.) ಸುಗ್ಗಿಯ ಹಬ್ಬವಾದ ಪುತ್ತರಿಯಂದು ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಬಿಡಿ ಎಂದು ಕೊಡಗಿನಲ್ಲಿ ಯಾರಿಗೂ ನಾನು ಹೇಳಲಾರೆ. ವರ್ಷಕ್ಕೆ ನಾಲ್ಕಾರು ಹಬ್ಬಗಳಿಂದ ತೂಕ ಏರುವುದಿಲ್ಲ, ದಿನವೂ ಒಂದು ಅಕ್ಕಿ ರೊಟ್ಟಿ ಹೆಚ್ಚಾಗುವುದರಿಂದ ಏರುತ್ತದೆ.

ಮಧುಮೇಹದ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಶೇ 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ವ್ಯಾಯಾಮದ ಗುರಿ ಇಟ್ಟುಕೊಂಡವರ ಗುಂಪಿನಲ್ಲಿ ಮಧುಮೇಹ ಬರುವ ಪ್ರಮಾಣ ಶೇ 58ರಷ್ಟು ಕಡಿಮೆಯಾಯಿತು. ನಿಮ್ಮ ಲೆಕ್ಕದಲ್ಲಿ ಆ ಶೇ 7 ಎಂದರೆ ಆರು ಕಿಲೋಗಿಂತ ಕಡಿಮೆ. ಅದನ್ನೇ ಮೊದಲ ಗುರಿಯಾಗಿ ಇಟ್ಟುಕೊಳ್ಳಿ.

ಮೊಣಕಾಲಿನ ವಿಷಯದಲ್ಲಿ, ಏರುವಾಗ ಶ್ರಮ ಹೃದಯಕ್ಕೆ ಹೆಚ್ಚು, ಇಳಿಯುವಾಗ ಭಾರ ಮೊಣಕಾಲಿಗೆ ಹೆಚ್ಚು. ಆದ್ದರಿಂದ ಕಡಿದಾದ ದಾರಿಯಲ್ಲಿ ಏರಿ, ಸುತ್ತು ಹೆಚ್ಚಾದರೂ ಇಳಿಜಾರು ಕಡಿಮೆಯಿರುವ ದಾರಿಯಲ್ಲಿ ಸಣ್ಣ ಹೆಜ್ಜೆಯಿಟ್ಟು ಹಿಂದಿರುಗಿ. ಕೈಯ ಆಸರೆಯಿಲ್ಲದೆ ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದನ್ನು ಹತ್ತು ಸಲದಂತೆ ಎರಡು ಸುತ್ತು, ವಾರಕ್ಕೆ ಎರಡು ಮೂರು ದಿನ ಮಾಡಿದರೆ ತೊಡೆಯ ಸ್ನಾಯು ಬಲಗೊಂಡು ಮೊಣಕಾಲಿನ ಹೊರೆ ಇಳಿಯುತ್ತದೆ. ಮೊಣಕಾಲು ಊದಿಕೊಂಡರೆ ಅಥವಾ ನಡೆಯುವಾಗ ಎದೆ ಬಿಗಿದಂತಾದರೆ ನಿಲ್ಲಿಸಿ ವೈದ್ಯರನ್ನು ಕಾಣಿ.

ಉತ್ತರ 2 (ಸಿದ್ದಾಪುರದ ಬೆಳೆಗಾರ್ತಿ)

ಮಳೆಗಾಲದ ಬಗ್ಗೆ ನಾನು ಹೇಳಬಲ್ಲೆ. ನಮ್ಮ ಕಡೆ ನಸುಕಿನಲ್ಲಿ ತೋಟದ ದಾರಿಯಲ್ಲಿ ನಡೆಯುವುದು ಆನೆಗಳಿಂದಾಗಿ ಯಾವ ಕಾಲದಲ್ಲೂ ಸುರಕ್ಷಿತವಲ್ಲ, ಬೆಳಕು ಚೆನ್ನಾಗಿ ಹರಿದ ಮೇಲೆಯೇ ಹೊರಡಬೇಕು. ಮಳೆಯಲ್ಲಿ ಕಾಫಿ ಕಣವೂ ಪಾಚಿಗಟ್ಟಿ ಜಾರುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಲಿಯೇ ಗತಿ. ಒಂದೇ ಸಲಕ್ಕೆ ಅರ್ಧ ಗಂಟೆ ಜಗಲಿಯಲ್ಲಿ ಸುತ್ತುವುದು ಬೇಸರ ತರಿಸುತ್ತದೆ, ಆದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಊಟವಾದ ಮೇಲೆ ಹತ್ತು ಹತ್ತು ನಿಮಿಷ ಮಾಡಿದರೆ ತಿಳಿಯುವುದೇ ಇಲ್ಲ. ಊಟದ ನಂತರದ ನಡಿಗೆ ಸಕ್ಕರೆ ಏರುವುದನ್ನೂ ತಗ್ಗಿಸುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ವೇಗ ಅಷ್ಟಿರಲಿ.

ಉತ್ತರ 3 (ಕುಶಾಲನಗರದಿಂದ)

ಇಷ್ಟೆಲ್ಲ ನಿಧಾನವೇಕೆ? ರಾತ್ರಿಯೂಟವನ್ನು ಪೂರ್ತಿ ಬಿಟ್ಟು ತಿಂಗಳಿಗೆ ಐದಾರು ಕಿಲೋ ಇಳಿಸಿದವರು ನಮ್ಮಲ್ಲೇ ಇದ್ದಾರೆ.

ಉತ್ತರ 1ರ ಬರಹಗಾರರಿಂದ

ಇದ್ದಾರೆ, ಅವರಲ್ಲಿ ಹಲವರ ತೂಕ ಮರಳಿ ಬಂದದ್ದನ್ನೂ ನಾನು ಕಂಡಿದ್ದೇನೆ. ಅಷ್ಟು ಬೇಗ ಇಳಿಸಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಹೆಚ್ಚುತ್ತದೆ. ವಾರಕ್ಕೆ ಅರ್ಧ ಕಿಲೋಗಿಂತ ವೇಗವಾಗಿ ಇಳಿಸುವ ಅವಸರ ಪ್ರಶ್ನೆ ಕೇಳಿದವರಿಗೆ ಇಲ್ಲ. ಅವರು ವಾರಕ್ಕೊಮ್ಮೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿಕೊಳ್ಳಲಿ, ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಬರೆದಿಡಲಿ. ಭಾರತೀಯ ಗಂಡಸರಿಗೆ ಅದು 90 ಸೆಂಟಿಮೀಟರ್‌ಗಿಂತ ಕೆಳಗಿರಬೇಕು. ತಕ್ಕಡಿಯ ಮುಳ್ಳು ಅಲುಗಾಡದ ತಿಂಗಳಲ್ಲೂ ಈ ಅಳತೆ ಇಳಿಯುವುದುಂಟು.